ಒಂದು ಹೊತ್ತಿಗೆ ಹತ್ತು ಕ್ವಿಂಟಲ್ ರಾಗಿ

ಸತ್ಯಮಂಗಲದ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಇತ್ತ ಕ್ಯಾತ್ಸಂದ್ರದ ಬೆಟ್ಟದ ತಪ್ಪಲಿನಲ್ಲಿ ಸುಮಾರು 10 ಸಾವಿರ ಮಕ್ಕಳು ಸಾಲಾಗಿ ಕೂತು ಪ್ರಾರ್ಥನೆ ಹೇಳುತ್ತಿರುತ್ತಾರೆ. ಅವರಿಗೆ ಊಟ, ಓದು ಕೊಡುವ ಸಿದ್ಧಗಂಗಾ ಮಠ ತುಮಕೂರಿನವರಾದ ನಮಗೆ ತೀರಾ ಪರಿಚಿತ. ಪರಿಚಯದ ಸಲುಗೆಯಲ್ಲಿ ಆ ಸಂಖ್ಯೆಯ ಭಾರ ನಮಗೆ ತಟ್ಟುವುದೇ ಇಲ್ಲ. ಒಮ್ಮೆ ಕೂಡಿ ನೋಡೋಣ.

ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಅಂತಿಟ್ಟುಕೊಳ್ಳಿ. 10 ಸಾವಿರ ಮಕ್ಕಳಿಗೆ ತಲೆಗೊಂದೇ ಮುದ್ದೆ ಬಡಿಸಿದರೂ ಒಂದು ಹೊತ್ತಿಗೆ 10 ಕ್ವಿಂಟಲ್ ಹಿಟ್ಟು ಬೇಕು. ನಮ್ಮ ಕಡೆ ಮಳೆ ನಂಬಿದ ಹೊಲದಲ್ಲಿ ಎಕರೆಗೆ 10 ಕ್ವಿಂಟಲ್ ರಾಗಿ ಬಂದರೆ ಆ ವರ್ಷ ಚೆನ್ನಾಗಿ ಬೆಳೆಯಿತು ಅನ್ನುತ್ತೇವೆ. ಒಬ್ಬ ರೈತ ಒಂದೆಕರೆಯಲ್ಲಿ ವರ್ಷಪೂರ್ತಿ ಬೆವರು ಸುರಿಸಿದ್ದು ಇಲ್ಲಿ ಒಂದೇ ಪಂಕ್ತಿಗೆ ಮುಗಿಯುತ್ತದೆ. ದಿನಕ್ಕೆ ಮೂರು ಹೊತ್ತು, ವರ್ಷಕ್ಕೆ 300 ದಿನ ಹಿಡಿದರೆ 90 ಲಕ್ಷ ಊಟ. ಇಷ್ಟಕ್ಕೂ ಯಾವ ಮಗುವಿನಿಂದಲೂ ದುಡ್ಡು ಪಡೆಯುವುದಿಲ್ಲ, ಜಾತಿ ಕೇಳುವುದಿಲ್ಲ. ಸಂಸ್ಕೃತ ಪಾಠಕ್ಕೆ ಕೂರುವವರಲ್ಲೂ ಎಲ್ಲ ಜಾತಿ, ಧರ್ಮದ ಮಕ್ಕಳಿದ್ದಾರೆ.

ಧರ್ಮ ಮತ್ತು ಓದು ಒಂದೇ ಸೂರಿನಡಿ ಇಷ್ಟು ದೊಡ್ಡದಾಗಿ ಬೆಳೆದ ಇನ್ನೊಂದು ಜಾಗ ಹುಡುಕಿದರೆ ಜೆರುಸಲೇಮಿಗೇ ಹೋಗಬೇಕೇನೋ. ಅಲ್ಲಿನ ಮೀರ್ ಯೆಶಿವಾ ಎಂಬ ಯಹೂದಿ ಪಾಠಶಾಲೆಯಲ್ಲಿ ಓದುವವರ ಸಂಖ್ಯೆ ಸುಮಾರು 9 ಸಾವಿರ. ಈಗಿನ ಬೆಲಾರೂಸಿನ ಮೀರ್ ಎಂಬ ಸಣ್ಣ ಊರಲ್ಲಿ ಹುಟ್ಟಿದ ಆ ಪಾಠಶಾಲೆಯ ಗುರುಶಿಷ್ಯರು ಎರಡನೇ ಮಹಾಯುದ್ಧದಲ್ಲಿ ಜಪಾನಿನ ಕೋಬೆ, ಅಲ್ಲಿಂದ ಶಾಂಘೈ ಸೇರಿ, ಓದು ನಿಲ್ಲಿಸದೆ ಉಳಿದುಕೊಂಡರು. ಓದುವುದು ಮುಖ್ಯವಾಗಿ ಯಹೂದಿಗಳ ಧರ್ಮಗ್ರಂಥವಾದ ತಾಲ್ಮುಡ್. ಅದರ 2,711 ಹಾಳೆಗಳನ್ನು ದಿನಕ್ಕೊಂದರಂತೆ ಓದಿದರೆ ಏಳು ವರ್ಷ ಐದು ತಿಂಗಳು ಹಿಡಿಯುತ್ತದೆ. ಹಾಗೆ ಲೋಕದ ಬೇರೆ ಬೇರೆ ಕಡೆಯ ಯಹೂದಿಗಳು ಒಂದು ದಿನ ಒಂದೇ ಹಾಳೆ ಓದುವ ಕ್ರಮ 1923ರಲ್ಲಿ ಶುರುವಾಯಿತು. 2020ರ ಜನವರಿಯಲ್ಲಿ ಹದಿಮೂರನೇ ಸುತ್ತು ಮುಗಿದಾಗ ಅಮೆರಿಕದ ನ್ಯೂಜೆರ್ಸಿಯ ಒಂದು ಕ್ರೀಡಾಂಗಣದಲ್ಲಿ ಸುಮಾರು 90 ಸಾವಿರ ಜನ ಚಳಿಯಲ್ಲಿ ಕೂತು ಹಬ್ಬ ಮಾಡಿದರು.

ಮೀರ್‌ನಲ್ಲಿ ಓದುವವರಲ್ಲಿ ಮದುವೆಯಾದ ಗಂಡಸರೂ ಬಹಳ. ಅವರು ಸೇರಿದ ಇಸ್ರೇಲಿನ ಕಟ್ಟಾ ಸಂಪ್ರದಾಯಸ್ಥ ಯಹೂದಿ ಸಮುದಾಯದಲ್ಲಿ ಒಂದು ತಾಯಿಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು. ಗಂಡ ಓದುತ್ತಾನೆ, ಹೆಂಡತಿ ದುಡಿದು ಮನೆ ನಡೆಸುತ್ತಾಳೆ. ಎಷ್ಟೋ ಮನೆಗಳಲ್ಲಿ ಇದೇ ರೂಢಿ. ಅಂದರೆ ಆ 9 ಸಾವಿರದ ಹಿಂದೆ ಲೆಕ್ಕಕ್ಕೆ ಸಿಗದ ಸಾವಿರಾರು ಹೆಂಗಸರಿದ್ದಾರೆ. ಸಿದ್ಧಗಂಗೆಯ ಲೆಕ್ಕವೂ ಅಂಥದ್ದೇ. ಏಳೆಂಟು ವರ್ಷದ ಮಗುವನ್ನು ಉತ್ತರ ಕರ್ನಾಟಕದ ಯಾವುದೋ ಹಳ್ಳಿಯಿಂದ ತಂದು ಬಿಟ್ಟು ಹೋಗುವ ತಾಯಿಯ ಪಾಲು ಯಾವ ವರದಿಯಲ್ಲೂ ಬರುವುದಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ದಾಸೋಹ ಅನ್ನಿಸುತ್ತದೆ.

ಈ ನೆಲಕ್ಕೆ ಓದಿನ ನಂಟು ಹೊಸದಲ್ಲ. ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿರುವ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಮಾಧಿಯಾದ ತೋಂಟದ ಸಿದ್ಧಲಿಂಗ ಯತಿಗಳು 701 ವಚನ ಬರೆದವರು. ಮಠದ ಹಿಂದಿನ ಗುರುಗಳಾದ ಉದ್ಧಾನ ಶಿವಯೋಗಿಗಳ ಕಾಲದಲ್ಲಿ ಸಂಸ್ಕೃತ ಪಾಠಶಾಲೆ ಬಂತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಅದನ್ನು 78 ವರ್ಷ ಹೊತ್ತರು. ಅಷ್ಟರಲ್ಲಿ ಮಠದ ಶಿಕ್ಷಣ ಸಂಸ್ಥೆಗಳು ನೂರು ದಾಟಿದ್ದವು. ಆ ದಿನ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಲಕ್ಷಾಂತರ ಜನ ಸೇರಿದ ಅಂತ್ಯದರ್ಶನಕ್ಕಿಂತ ನನಗೆ ಆ ಒಂದು ಹೊತ್ತಿನ ಊಟವೇ ದೊಡ್ಡದು.

ದವಸ ಇಂದಿಗೂ ಹಳ್ಳಿಗಳಿಂದ ಬರುತ್ತದೆ. ಸುಗ್ಗಿಯಾದ ಮೇಲೆ ನಿಮ್ಮೂರಿನಿಂದ ಮಠಕ್ಕೆ ಗಾಡಿ ಹೊರಟರೆ ನಿಮ್ಮ ಮನೆಯದೂ ಒಂದು ಮೂಟೆ ರಾಗಿ ಏರಿಸಿ. 50 ಕೆ.ಜಿ. ಅಂದರೆ 500 ಮಕ್ಕಳ ಮುದ್ದೆ.