ನಿಮಗಿದು ಗೊತ್ತೇ? ಸುಳ್ಳು ರೋಗಿ, ತೇಲುವ ಕಾಂಕ್ರೀಟು, ರಂಗೋಲಿ: ಎಲ್ಲವೂ ಪರೀಕ್ಷೆಯೇ!

ಪರೀಕ್ಷೆ ಎಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವುದೇನು? ಹಾಲ್ ಟಿಕೆಟ್, ಅಡಿಷನಲ್ ಶೀಟು, ಅದಕ್ಕೆ ಕಟ್ಟುವ ದಾರ, ಎದೆ ನಡುಗಿಸುವ ಕೊನೆಯ ಬೆಲ್ಲು. ಅಷ್ಟೇ ತಾನೇ? ಹಾಗಾದರೆ ಸ್ವಲ್ಪ ಗಟ್ಟಿಯಾಗಿ ಕೂತುಕೊಳ್ಳಿ. ಮುಂದೆ ನೌಕರಿಯಲ್ಲಿ ಮಾಡಬೇಕಾದ ಕೆಲಸವನ್ನೇ ಪರೀಕ್ಷೆಯಾಗಿಸಿದ ಕಾಲೇಜುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ!

ಇದಕ್ಕೊಂದು ಹೆಸರೂ ಇದೆ: ‘ನೈಜ ಮೌಲ್ಯಮಾಪನ’. ಅಮೆರಿಕದ ಶಿಕ್ಷಣತಜ್ಞ ಗ್ರ್ಯಾಂಟ್ ವಿಗಿನ್ಸ್ 1989ರಲ್ಲಿ ಬರೆದ ಲೇಖನದಿಂದ ಈ ಮಾತು ಜನಪ್ರಿಯವಾಯಿತು. ಆದರೆ ಹೆಸರಿಗಿಂತ ಕೆಲಸವೇ ಹಳೆಯದು. ಮಗು ಹುಟ್ಟಿ ಎಷ್ಟೋ ವರ್ಷಕ್ಕೆ ನಾಮಕರಣ!

ಪರೀಕ್ಷೆಗೆ ಸುಳ್ಳು ರೋಗಿಯನ್ನು ಕರೆತಂದವರು ಯಾರು ಗೊತ್ತೇ? ಲಾಸ್ ಏಂಜಲಿಸ್‌ನ ನರರೋಗ ವೈದ್ಯ ಹೊವಾರ್ಡ್ ಬ್ಯಾರೋಸ್. ವರ್ಷ 1963. ಚಿತ್ರಕಲಾವಿದರಿಗೆ ಮಾಡೆಲ್ ಆಗಿ ಕೂರುತ್ತಿದ್ದ ಮಹಿಳೆಯೊಬ್ಬರಿಗೆ ಅವರು ರೋಗಿಯ ಪಾತ್ರ ಕಲಿಸಿದರು. ಕಾಲಿಗೆ ಸ್ವಾಧೀನವಿಲ್ಲ, ಒಂದು ಕಣ್ಣು ಕಾಣದು. ಇಂಥ ರೋಗಿಯ ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೇಳಬೇಕಲ್ಲ? ಅದನ್ನೂ ಆಕೆ ನಟಿಸುತ್ತಿದ್ದರು!

ತಮಾಷೆ ಇನ್ನೂ ಮುಗಿದಿಲ್ಲ. ವಿದ್ಯಾರ್ಥಿ ಆಚೆ ಹೋದ ಮೇಲೆ ಆಕೆಯೇ ಪೆನ್ನು ಹಿಡಿದು, ಅವನು ಏನೇನು ಸರಿ ನೋಡಿದ, ಏನು ಬಿಟ್ಟ ಎಂದು ಬರೆದಿಡುತ್ತಿದ್ದರು. ಮಂಚದ ಮೇಲೆ ಮಲಗಿದ ರೋಗಿಯೇ ಪರೀಕ್ಷಕಿ!

ಬೆಲ್ಲು ಹೊಡೆದಾಗ ಎದ್ದು ಪಕ್ಕದ ಟೇಬಲ್ಲಿಗೆ ಓಡುವ ಪರೀಕ್ಷೆ ಕೇಳಿದ್ದೀರಾ? ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಟೇಬಲ್ಲಿನಲ್ಲಿ ಎದೆಬಡಿತ ಕೇಳಬೇಕು, ಇನ್ನೊಂದರಲ್ಲಿ ಎಕ್ಸ್‌ರೇ ಓದಬೇಕು, ಮತ್ತೊಂದರಲ್ಲಿ ರೋಗಿಯ ಜೊತೆ ಮಾತಾಡಬೇಕು. ಎಲ್ಲದಕ್ಕೂ ನಿಮಿಷಗಳ ಲೆಕ್ಕ. ನಮ್ಮ ಮೆಡಿಕಲ್ ಹುಡುಗರ ಬಾಯಲ್ಲಿ ಇದು ‘ಆಸ್ಕಿ’. ಒಂಥರಾ ಮ್ಯೂಸಿಕಲ್ ಚೇರ್, ಆದರೆ ಹಾಡಿಲ್ಲ!

‘ಗೊತ್ತು’ ಅನ್ನುವುದಕ್ಕೂ ನಾಲ್ಕು ಮೆಟ್ಟಿಲುಗಳಿವೆ! ಜಾರ್ಜ್ ಮಿಲ್ಲರ್ 1990ರಲ್ಲಿ ಬಿಡಿಸಿದ ಪಿರಮಿಡ್ಡು ಹೀಗಿದೆ. ಕೆಳಗೆ: ಗೊತ್ತು. ಅದರ ಮೇಲೆ: ಹೇಗೆಂದು ಗೊತ್ತು. ಮತ್ತೂ ಮೇಲೆ: ಮಾಡಿ ತೋರಿಸಬಲ್ಲೆ. ತುತ್ತತುದಿಯಲ್ಲಿ: ದಿನವೂ ಮಾಡುತ್ತೇನೆ. ನಮ್ಮ ಮೂರು ಗಂಟೆಯ ಪ್ರಶ್ನೆಪತ್ರಿಕೆ ಹತ್ತುವುದು ಹೆಚ್ಚೆಂದರೆ ಎರಡನೇ ಮೆಟ್ಟಿಲು!

ಒಂದು ವಾರ ಕ್ಲಾಸು, ಇನ್ನೊಂದು ವಾರ ಕಾರ್ಖಾನೆ! ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ 1906ರಲ್ಲೇ ಹೀಗೆ ಎಂಜಿನಿಯರಿಂಗ್ ಕಲಿಸಿದರು. ಶುರುವಿಗೆ ಇದ್ದವರು ಬರೀ 27 ಹುಡುಗರು. ಇಂದು ‘ಕೋ-ಆಪ್’ ಎಂಬ ಹೆಸರಿನಲ್ಲಿ ಅದು ದೇಶದೇಶ ಸುತ್ತಿದೆ!

ಮಾರ್ಕ್ಸ್ ಕಾರ್ಡಿನಲ್ಲಿ ಗ್ರೇಡೇ ಇಲ್ಲದ ಕಾಲೇಜು ಬೇಕೇ? ಅಮೆರಿಕದ ಮಿಲ್ವಾಕಿಯ ಆಲ್ವರ್ನೊ ಮಹಿಳಾ ಕಾಲೇಜಿಗೆ ಹೋಗಿ. 1970ರ ದಶಕದಲ್ಲೇ ಅದು ಎ, ಬಿ, ಸಿಗಳನ್ನು ಕೈಬಿಟ್ಟಿತು. ಅಲ್ಲಿನ ವಿದ್ಯಾರ್ಥಿನಿ ತಾನು ಮಾಡಿದ ಭಾಷಣದ ವಿಡಿಯೊ ತಾನೇ ನೋಡಿ, ತನ್ನ ತಪ್ಪು ತಾನೇ ಹೇಳಬೇಕು. ಇದಕ್ಕಿಂತ ನೂರು ಮಾರ್ಕ್ಸಿನ ಪೇಪರ್ರೇ ವಾಸಿ ಅನ್ನಿಸಿತೇ?

ಗೆಳೆಯರ ಜೊತೆ ಸೇರಿಯೇ ಪರೀಕ್ಷೆಗೆ ಕೂರಬಹುದು! 1974ರಲ್ಲಿ ಶುರುವಾದ ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರತಿ ಸೆಮಿಸ್ಟರಿನ ಸುಮಾರು ಅರ್ಧ ಸಮಯ ಗುಂಪು ಪ್ರಾಜೆಕ್ಟಿಗೇ ಮೀಸಲು. ವೈವಾ ಕೂಡ ಗುಂಪಿಗೇ. ನಡುವೆ ಸರ್ಕಾರ ಈ ಗುಂಪು ವೈವಾ ಬೇಡವೆಂದು ನಿಲ್ಲಿಸಿತ್ತು. ಕೆಲವೇ ವರ್ಷಗಳಲ್ಲಿ ಮತ್ತೆ ಒಪ್ಪಿಕೊಂಡಿತು!

ಕಾಂಕ್ರೀಟು ತೇಲುತ್ತದೆಯೇ? ತೇಲಲೇಬೇಕು! ಅಮೆರಿಕದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1988ರಿಂದ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಕಾಂಕ್ರೀಟ್ ದೋಣಿ ಕಟ್ಟಿ ಹುಟ್ಟು ಹಾಕುತ್ತಾರೆ. ದೋಣಿಯನ್ನು ಬೇಕೆಂದೇ ನೀರಲ್ಲಿ ಮುಳುಗಿಸುತ್ತಾರೆ. ತಾನಾಗಿ ಮೇಲೆ ಬಂದರೆ ಪಾಸು!

ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ‘ಫಾರ್ಮುಲಾ ಎಸ್‌ಎಇ’ಯಲ್ಲಿ ಓಡಿಸುವುದಷ್ಟೇ ಅಲ್ಲ, ಕಾರಿನ ಖರ್ಚಿನ ಲೆಕ್ಕವನ್ನೂ ಒಪ್ಪಿಸಬೇಕು. ಬೆಲ್ಟು ಬಿಚ್ಚಿ ಚಾಲಕ ಆಚೆ ಹಾರಲು ಸಿಗುವುದು ಬರೀ 5 ಸೆಕೆಂಡು!

ನಮ್ಮವರೇನು ಕಡಿಮೆಯೇ? ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ‘ಸ್ಟುಡ್‌ಸ್ಯಾಟ್’ ಎಂಬ ಉಪಗ್ರಹ ಕಟ್ಟಿದರು. ತೂಕ ಒಂದು ಕೆ.ಜಿ. ಸಕ್ಕರೆ ಪೊಟ್ಟಣಕ್ಕಿಂತ ಕಡಿಮೆ! 2010ರ ಜುಲೈ 12ರಂದು ಇಸ್ರೋ ಅದನ್ನು ಹಾರಿಸಿತು. ಭಾರತದ ಮೊದಲ ಪಿಕೋ ಉಪಗ್ರಹ ಅದು. ಇಂಥ ಪ್ರಾಜೆಕ್ಟಿಗೆ ಮರುಮೌಲ್ಯಮಾಪನ ಎಲ್ಲಿಂದ ತರುವುದು?

ಒಂದೇ ಕೇಸಿನಲ್ಲಿ ಎರಡೂ ಕಡೆಯ ವಕೀಲರಾಗಬೇಕೇ? ಕಾನೂನು ವಿದ್ಯಾರ್ಥಿಗಳ ‘ಜೆಸಪ್’ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ಆಗಲೇಬೇಕು! ಎರಡು ಕಾಲ್ಪನಿಕ ದೇಶಗಳ ಜಗಳ. ಒಮ್ಮೆ ಈ ದೇಶದ ಪರ, ಇನ್ನೊಮ್ಮೆ ಆ ದೇಶದ ಪರ ವಾದ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1999 ಮತ್ತು 2013ರಲ್ಲಿ ಇದರ ವಿಶ್ವಕಪ್ ಹೊತ್ತು ತಂದಿದೆ!

ಕನ್ನಡ ವಿಕಿಪೀಡಿಯದ ಕೆಲವು ಲೇಖನಗಳು ಕಾಲೇಜು ಹುಡುಗರ ಅಸೈನ್‌ಮೆಂಟು! ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು ಅವನ್ನು ಬರೆದರು. ಮೇಷ್ಟ್ರು ಒಬ್ಬರೇ ಓದಿ ಮೂಲೆಗೆ ಹಾಕುವ ಹಾಳೆಯಲ್ಲ, ನೀವೂ ತಿದ್ದಬಹುದು!

ಕೊನೆಗೆ ಬಣ್ಣದ ಪರೀಕ್ಷೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ವಿದ್ಯಾರ್ಥಿಗಳು ಕೊನೆಯ ವರ್ಷ ಹಳ್ಳಿಯಲ್ಲೇ ಬಿಡಾರ ಹೂಡುತ್ತಾರೆ. ಹೆಸರು ‘ಗ್ರಾಮೀಣ ಕೃಷಿ ಕಾರ್ಯಾನುಭವ’. ಊರವರನ್ನು ಕೂಡಿಸಿಕೊಂಡು, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸುತ್ತಾರೆ. ನೀಲಿ ಚೆಲ್ಲಿದರೆ ಕೆರೆ, ಹಸಿರು ಚೆಲ್ಲಿದರೆ ಗದ್ದೆ. ಕೆರೆ ಸ್ವಲ್ಪ ಪಕ್ಕಕ್ಕೆ ಹೋಯಿತೋ, ಸುತ್ತ ನಿಂತ ಅಜ್ಜಂದಿರು ಕೂಗಿ ತಿದ್ದಿಸದೆ ಬಿಡುವುದಿಲ್ಲ! ಇಂಥ ಖಡಕ್ ಪರೀಕ್ಷಕರು ಯಾವ ವಿಶ್ವವಿದ್ಯಾಲಯದಲ್ಲಿದ್ದಾರೆ?

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಮುಂದೆ ನಿಮ್ಮೂರ ದೇವಸ್ಥಾನದ ಅಂಗಳದಲ್ಲಿ ಹುಡುಗ ಹುಡುಗಿಯರು ಬಣ್ಣದ ಪುಡಿ ಹಿಡಿದು ಕೂತಿದ್ದರೆ ಹತ್ತಿರ ಹೋಗಿ. ಬಾವಿ ಎಲ್ಲಿದೆ, ಹಳ್ಳ ಎಲ್ಲಿ ತಿರುಗುತ್ತದೆ, ಧಾರಾಳವಾಗಿ ಹೇಳಿಕೊಡಿ. ಈ ಪರೀಕ್ಷೆಯಲ್ಲಿ ಹೇಳಿಕೊಟ್ಟರೆ ಕಾಪಿ ಅಲ್ಲ!