ಪೀಡೆಯೇ ಲೇಖನಿಯಾದಾಗ

ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಸೂಜಿಮೊನೆಯೊಂದು ವಸ್ತುವಿನ ಮೈಯನ್ನು ತಡವಿ, ಬೆರಳಿನಿಂದ ಬ್ರೈಲ್ ಓದುವಂತೆ, ಉಬ್ಬುತಗ್ಗುಗಳನ್ನು ತಿಳಿಸುತ್ತದೆ. ಆದರೆ ಗಾಳಿಯ ತೇವದಿಂದ ಮೊನೆಯ ಕೆಳಗೆ ಚಿಟಿಕೆಯಷ್ಟೂ ಇಲ್ಲದ ನೀರು ಕಟ್ಟಿಕೊಂಡು ಅದನ್ನು ಹಿಡಿದೆಳೆಯುತ್ತಿತ್ತು. ವಿಜ್ಞಾನಿಗಳಿಗೆ ಇದೊಂದು ಪೀಡೆ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ 1999ರಲ್ಲಿ ಆ ಪೀಡೆಯನ್ನೇ ಕೆಲಸಕ್ಕೆ ಹಚ್ಚಿತು. ಮೊನೆಗೆ ಸವರಿದ ಗಂಧಕಯುಕ್ತ ಅಣುಗಳು ನೀರಿನ ಮೂಲಕ ಇಳಿದು ಚಿನ್ನದ ಮೇಲೆ ಅಂಟಿದವು. ಮಸಿಕುಡಿಕೆಗೆ ಅದ್ದಿ ಬರೆಯುವ ಅಜ್ಜನ ಕಾಲದ ಲೇಖನಿಯೇ ಇದು! ಹೆಸರೂ ಅದೇ: ಡಿಪ್-ಪೆನ್ ನ್ಯಾನೊಲಿಥೋಗ್ರಫಿ.

2002ರಲ್ಲಿ ಸರದಿ ಪ್ರೋಟೀನುಗಳದು. ಪ್ರೋಟೀನು ಕಂಡಲ್ಲೆಲ್ಲ ಅಂಟುವ ಜಾತಿ. ಮೊಟ್ಟೆ ಒಣಗಿದ ತಟ್ಟೆ ತಿಕ್ಕಿದವರಿಗೆ ಗೊತ್ತು. ಅಂಟಿಸುವುದಕ್ಕಿಂತ ಅಂಟದಂತೆ ತಡೆಯುವುದೇ ಕಷ್ಟ. ಅದಕ್ಕೆ ಮೊದಲು ಪ್ರೋಟೀನನ್ನು ಹಿಡಿಯುವ ಅಣುಗಳಿಂದ 100ರಿಂದ 350 ನ್ಯಾನೊಮೀಟರ್ ಅಗಲದ ಚುಕ್ಕಿಗಳನ್ನಿಟ್ಟರು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಎಂದರೆ ಲೆಕ್ಕ ಹಾಕಿಕೊಳ್ಳಿ. ಉಳಿದ ಚಿನ್ನಕ್ಕೆಲ್ಲ ಪ್ರೋಟೀನ್ ಅಂಟದಂಥ ಇನ್ನೊಂದು ಪದರ. ಬಳಿಕ ದ್ರಾವಣದಲ್ಲಿ ಮುಳುಗಿಸಿದರೆ ಪ್ರೋಟೀನು ಚುಕ್ಕಿಗಳ ಮೇಲಷ್ಟೇ ಕುಳಿತಿತು.

ಇದರಿಂದೇನು ಪ್ರಯೋಜನ? 2004ರಲ್ಲಿ ಇದೇ ತಂಡ ಚುಕ್ಕಿಗಳ ಮೇಲೆ ಪ್ರತಿಕಾಯಗಳನ್ನು ಕೂರಿಸಿ, ರೋಗಿಗಳ ರಕ್ತದ್ರವದಲ್ಲಿದ್ದ ಎಚ್‌ಐವಿಯ ಪಿ24 ಪ್ರೋಟೀನನ್ನು ಹಿಡಿಯಿತು. ಅದೂ ವಾಡಿಕೆಯ ಎಲೈಸಾ ಪರೀಕ್ಷೆಗೆ ಸಿಗದಷ್ಟು ಅಲ್ಪ ಪ್ರಮಾಣದಲ್ಲಿದ್ದಾಗ.