ಮೆದುಳಿನ ಮನೆವಾರ್ತೆ ನೋಡುವ ನಕ್ಷತ್ರ ಕೋಶಗಳು

ಮೆದುಳು ಎಂದೊಡನೆ ನಮಗೆ ನೆನಪಾಗುವುದು ನರಕೋಶಗಳು. ಮನುಷ್ಯನ ಮೆದುಳಿನಲ್ಲಿ ಇವು ಸುಮಾರು 8,600 ಕೋಟಿ ಇವೆ. ನಡೆಯುವುದು, ಮಾತನಾಡುವುದು, ಮೊಮ್ಮಗಳ ಹೆಸರನ್ನು ನೆನಪಿಡುವುದು ಎಲ್ಲವೂ ಇವುಗಳ ಕೆಲಸ. ಆದರೆ ಇವು ತಮ್ಮನ್ನು ತಾವೇ ನೋಡಿಕೊಳ್ಳಲಾರವು. ಇವುಗಳಿಗೆ ಆಹಾರ ಒದಗಿಸಲು, ಕಸ ತೆಗೆಯಲು ಬೇರೆ ಕೋಶಗಳು ಬೇಕು. ಅವುಗಳಲ್ಲಿ ಮುಖ್ಯವಾದವು ‘ಆಸ್ಟ್ರೊಸೈಟ್’ಗಳು. ಸೂಕ್ಷ್ಮದರ್ಶಕದಲ್ಲಿ ಸುತ್ತಲೂ ಕವಲು ಚಾಚಿದ ನಕ್ಷತ್ರದಂತೆ ಕಾಣುವುದರಿಂದ ಈ ಹೆಸರು. ನಾವು ಇವನ್ನು ನಕ್ಷತ್ರ ಕೋಶಗಳು ಎನ್ನೋಣ.

ಜರ್ಮನಿಯ ರುಡಾಲ್ಫ್ ವಿರ್ಷೊ 1856ರಲ್ಲಿ ನರಕೋಶಗಳ ನಡುವಿನ ಭಾಗಕ್ಕೆ ‘ನ್ಯೂರೋಗ್ಲಿಯ’, ಅಂದರೆ ನರಗಳ ಅಂಟು, ಎಂದು ಹೆಸರಿಟ್ಟರು. ಇದು ಬರೀ ಅಂಟು ಎಂಬ ಭಾವನೆ ಬಹುಕಾಲ ಉಳಿಯಿತು. ಇಂದು ಆ ಅಭಿಪ್ರಾಯ ಪೂರ್ತಿ ಬದಲಾಗಿದೆ.

ಇವುಗಳ ಕೆಲಸವೇನು?

ಮೊದಲನೆಯದು ಆಹಾರ. ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರ. ಆದರೆ ಸುಮ್ಮನೆ ಕುಳಿತಿರುವಾಗಲೂ ದೇಹದ ಶಕ್ತಿಯಲ್ಲಿ ನೂರಕ್ಕೆ ಸುಮಾರು 20ರಷ್ಟನ್ನು ಅದು ಬಳಸುತ್ತದೆ. ನಕ್ಷತ್ರ ಕೋಶದ ಕೆಲವು ಕವಲುಗಳು ರಕ್ತನಾಳವನ್ನು ತಬ್ಬಿದ್ದರೆ, ಉಳಿದವು ನರಕೋಶಗಳ ಸಂಧಿಗಳನ್ನು ಸುತ್ತುವರಿದಿರುತ್ತವೆ. ಅದು ರಕ್ತದಿಂದ ಗ್ಲೂಕೋಸ್ ಪಡೆದು, ಸ್ವಲ್ಪವನ್ನು ಗ್ಲೈಕೊಜೆನ್ ರೂಪದಲ್ಲಿ ದಾಸ್ತಾನಿಟ್ಟು, ಅಗತ್ಯ ಬಿದ್ದಾಗ ನರಕೋಶಕ್ಕೆ ನೆರವಾಗುತ್ತದೆ.

ಎರಡನೆಯದು ಹದ ಕಾಯುವುದು. ನರಕೋಶಗಳು ಸಂದೇಶ ಕಳಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಕೆಲಸ ಮುಗಿದ ಮೇಲೂ ಅದು ಅಲ್ಲೇ ಉಳಿದರೆ ವಿಷವಾಗಿ ನರಕೋಶವನ್ನೇ ಕೊಲ್ಲಬಲ್ಲದು. ಅದನ್ನು ಕೂಡಲೇ ಹೀರಿಕೊಳ್ಳುವುದು ನಕ್ಷತ್ರ ಕೋಶ.

ಮೂರನೆಯದು ಕಸ ವಿಲೇವಾರಿ. ಮೆದುಳಿನ ದ್ರವ ರಕ್ತನಾಳಗಳ ಪಕ್ಕದಲ್ಲಿ ಹರಿದು, ನಕ್ಷತ್ರ ಕೋಶಗಳ ನೀರಿನ ದ್ವಾರಗಳ ನೆರವಿನಿಂದ ಕಶ್ಮಲಗಳನ್ನು ತೊಳೆಯುತ್ತದೆ ಎಂದು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ತಿಳಿಸಿತು. ನಿದ್ರೆಯಲ್ಲಿ ಈ ಕೆಲಸ ಚುರುಕಾಗುತ್ತದೆ ಎಂದು ಅದೇ ತಂಡ 2013ರಲ್ಲಿ ಇಲಿಗಳಲ್ಲಿ ಕಂಡಿತು. 2024ರಲ್ಲಿ ಲಂಡನ್ನಿನ ಒಂದು ತಂಡಕ್ಕೆ ಇದಕ್ಕೆ ವಿರುದ್ಧವಾದ ಫಲಿತಾಂಶ ದೊರಕಿದ್ದರಿಂದ ಚರ್ಚೆ ಇನ್ನೂ ಮುಗಿದಿಲ್ಲ. ಹಾಗೆಂದು ನಿದ್ದೆಗೆಡಬೇಡಿ. ನೆನಪು ಗಟ್ಟಿಯಾಗಲು ನಿದ್ದೆ ಬೇಕು ಎಂಬುದರಲ್ಲಿ ಸಂಶಯವಿಲ್ಲ.

ಕಾಯುವವರೇ ಕೆರಳಿದಾಗ

ಆಲ್ಜೈಮರ್ ಕಾಯಿಲೆಯನ್ನು ಆಲೋಯಿಸ್ ಆಲ್ಜೈಮರ್ 1906ರಲ್ಲಿ ಮೊದಲು ವಿವರಿಸಿದರು. ಈ ರೋಗಿಗಳ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಗಟ್ಟುತ್ತದೆ. ಆ ಗಂಟುಗಳ ಸುತ್ತ ನಕ್ಷತ್ರ ಕೋಶಗಳು ಊದಿಕೊಂಡು ನೆರೆದಿರುತ್ತವೆ. ಮೊದಮೊದಲು ಇದು ರಕ್ಷಣೆಯ ಪ್ರಯತ್ನ. ಕೆರಳಿಕೆ ಬಹುಕಾಲ ಮುಂದುವರಿದರೆ ಅದೇ ತೊಂದರೆಯಾಗುತ್ತದೆ. ಹೀಗೆ ಕೆರಳಿದ ಕೆಲವು ನಕ್ಷತ್ರ ಕೋಶಗಳು ಪೋಷಣೆಯ ಕೆಲಸ ಬಿಟ್ಟು ನರಕೋಶಗಳ ಸಾವಿಗೆ ಕಾರಣವಾಗುತ್ತವೆ ಎಂದು ಸ್ಟ್ಯಾನ್‌ಫರ್ಡ್‌ನ ಬೆನ್ ಬ್ಯಾರೆಸ್ ತಂಡ 2017ರಲ್ಲಿ ತೋರಿಸಿತು. ಇಂಥ ಕೋಶಗಳು ಆಲ್ಜೈಮರ್ ಮತ್ತು ಪಾರ್ಕಿನ್ಸನ್ ರೋಗಿಗಳ ಮೆದುಳಿನ ಅಂಗಾಂಶದಲ್ಲೂ ಕಂಡುಬಂದವು.

ನೀವೇನು ಮಾಡಬಹುದು?

ನಕ್ಷತ್ರ ಕೋಶಗಳನ್ನು ಸರಿಪಡಿಸಿ ಆಲ್ಜೈಮರ್ ವಾಸಿಮಾಡುವ ಮದ್ದು ಇನ್ನೂ ಬಂದಿಲ್ಲ. ಜಾಹೀರಾತು ನಂಬಿ ನೆನಪಿನ ಶಕ್ತಿಯ ಟಾನಿಕ್‌ಗಳಿಗೆ ಹಣ ಸುರಿಯಬೇಡಿ. ಸರಿಪಡಿಸಬಹುದಾದ 14 ಅಂಶಗಳತ್ತ ಗಮನ ಕೊಟ್ಟರೆ ಮರೆಗುಳಿ ರೋಗದ ನೂರಕ್ಕೆ ಸುಮಾರು 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಅಂದಾಜಿಸಿದೆ. ಬಿ.ಪಿ., ಸಕ್ಕರೆ ಕಾಯಿಲೆ ಮತ್ತು ಕೊಲೆಸ್ಟರಾಲ್ ಹತೋಟಿಯಲ್ಲಿರಲಿ. ಬೀಡಿ, ಸಿಗರೇಟು ಬೇಡ. ಹೆಚ್ಚು ಮದ್ಯಪಾನವೂ ಬೇಡ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಹಾಕಿಸಿ, ಕಣ್ಣಿನ ಪೊರೆ ತೆಗೆಸಿ. ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ತಪ್ಪಿಸಬೇಡಿ. ವಯಸ್ಸಾದವರನ್ನು ಒಂಟಿಯಾಗಿ ಬಿಡಬೇಡಿ.

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ರೋಗವಲ್ಲ. ಆದರೆ ಪರಿಚಿತ ಬೀದಿಯಲ್ಲೇ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತಿಳಿಯದಿರುವುದು ಕಂಡರೆ ‘ವಯಸ್ಸಾಯ್ತು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯಿದೆ.

ಕೊನೆಯದಾಗಿ ಮನೆಯವರಿಗೊಂದು ಮಾತು. ಮಧ್ಯಾಹ್ನ ಊಟ ಮಾಡಿದ ಅಜ್ಜ ‘ನನಗೆ ಊಟವೇ ಹಾಕಿಲ್ಲ’ ಎಂದರೆ ಅದು ಹಟವಲ್ಲ, ಸುಳ್ಳೂ ಅಲ್ಲ. ನೆನಪನ್ನು ಹಿಡಿದಿಡುವ ಕೋಶಗಳು, ಅವನ್ನು ಸಾಕುವ ಕೋಶಗಳು ಎರಡೂ ಸೋತಿವೆ. ಗದರಿದರೆ ಅವರಿಗೆ ಏಕೆಂದು ತಿಳಿಯದು, ದುಃಖ ಮಾತ್ರ ಉಳಿಯುತ್ತದೆ. ಎರಡು ಬಿಸ್ಕತ್ತು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ.